ಯಾರ ಕಡೆಯವರೂ ಅಲ್ಲದ ಪ್ರೇಕ್ಷಕ

ಶನಿವಾರ ಬೆಳಿಗ್ಗೆ ಆರೂವರೆ. ಬನಶಂಕರಿ ಎರಡನೇ ಹಂತದ ಅಡ್ಡರಸ್ತೆಯೊಂದರಲ್ಲಿ ಹಾಲು ತರಲು ಹೊರಟವನು ಒಂದು ಮನೆಯ ಕೆಳಗೆ ನಿಂತುಬಿಟ್ಟೆ. ಮೊದಲ ಮಹಡಿಯ ಕಿಟಕಿಯಿಂದ ಮಾಯಾಮಾಳವಗೌಳದ ಜಂಟಿವರಿಸೆ ಕೇಳುತ್ತಿತ್ತು. ಶ್ರುತಿ ಮೊಬೈಲಿನ ತಂಬೂರಿಯದು. ಹೇಳಿಕೊಡುವ ದನಿ ಒಂದು ಸಾಲು ಹಾಡಿ ನಿಂತಿತು. "ಪುಟ್ಟೀ, ಮ್ಯೂಟಲ್ಲಿದೀಯ. ಮ್ಯೂಟ್ ತೆಗಿ... ಹಾಂ, ಈಗ ಹೇಳು." ಆಮೇಲೆ ಲ್ಯಾಪ್‌ಟಾಪಿನೊಳಗಿಂದ ಮಗುವಿನ ದನಿ, ತಾಳಕ್ಕೆ ಅರ್ಧ ಅಕ್ಷರ ಹಿಂದೆ. ತಪ್ಪು ಮಗುವಿನದಲ್ಲ, ಇಂಟರ್ನೆಟ್ಟಿನದು. ಇಲ್ಲಿ ಶನಿವಾರ ಬೆಳಗಾಗುವ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಶುಕ್ರವಾರ ಸಂಜೆ; ಶಾಲೆಯಿಂದ ಬಂದು ಹಾಲು ಕುಡಿದ ಮಕ್ಕಳು ಪಾಠಕ್ಕೆ ಕೂರುವ ಸಮಯ.

ದಕ್ಷಿಣ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಈಗ ಬೆಳಗಾಗುವುದು ಹೀಗೆಯೇ. ಜೂನಿಯರ್, ಸೀನಿಯರ್, ವಿದ್ವತ್ ಎಂದು ಪರೀಕ್ಷೆಗಳನ್ನೆಲ್ಲ ಮುಗಿಸಿ, ಆಕಾಶವಾಣಿಯ ಆಡಿಷನ್ನಿನಲ್ಲಿ ಗ್ರೇಡ್ ಪಡೆದ ಹುಡುಗ ಹುಡುಗಿಯರು ಮನೆ ಬಾಡಿಗೆ ಕಟ್ಟುವುದು ಕಛೇರಿಯ ಸಂಭಾವನೆಯಿಂದಲ್ಲ, ಈ ಪಾಠದ ಫೀಸಿನಿಂದ. ಪಾಠ ಮುಗಿದ ಮೇಲೆ ತಮ್ಮ ಸಾಧಕಕ್ಕೆ ಕೂರಬೇಕು. ಅಷ್ಟರಲ್ಲಿ ಗಂಟಲು ದಣಿದಿರುತ್ತದೆ.

ಹಾಲಿನ ಪ್ಯಾಕೆಟ್ ಮನೆಯಲ್ಲಿಟ್ಟು ಚಪ್ಪಲಿ ಬಿಟ್ಟು ಬೂಟು ಹಾಕಿಕೊಂಡೆ. ಇಪ್ಪತ್ತೆರಡು ವರ್ಷದವರೊಬ್ಬರು ಹಾಡು, ನಾಟಕ, ಕುಣಿತ, ಸಿನಿಮಾ ಎಂದು ಕಲೆಯನ್ನೇ ನೆಚ್ಚಿ ಬದುಕುತ್ತೇನೆಂದು ಹೊರಟರೆ ಅವರ ಕೈಹಿಡಿಯಲು ನಮ್ಮ ಬಡಾವಣೆಯಲ್ಲಿ ಏನಿದೆ? ಒಂದು ದಿನ ಪೂರ್ತಿ ಸುತ್ತಿ ನೋಡಿಬಿಡೋಣ ಅನ್ನಿಸಿತು.

ಅಮ್ಮನ ಗುಡಿಯ ಎದುರು

ಸುತ್ತಾಟ ಶುರುಮಾಡಬೇಕಾದದ್ದು ಬಡಾವಣೆಗೆ ಹೆಸರು ಕೊಟ್ಟ ತಾಯಿಯ ಬಳಿಯಿಂದಲೇ. ಕನಕಪುರ ರಸ್ತೆಯ ಬನಶಂಕರಿ ಅಮ್ಮನ ದೇವಸ್ಥಾನ 1915ರದು. ಪಕ್ಕದಲ್ಲೇ ಮೆಟ್ರೋ ನಿಲ್ದಾಣ. 2017ರಲ್ಲಿ ಹಸಿರು ಮಾರ್ಗ ಈ ಕಡೆ ತೆರೆದ ಮೇಲೆ ಮಲ್ಲೇಶ್ವರದವರೂ ಒಂದೇ ರೈಲಿನಲ್ಲಿ ಬಂದು ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚಿ ಹೋಗುತ್ತಾರೆ. ಮಂಗಳವಾರ, ಶುಕ್ರವಾರ ಕಾಲಿಡಲು ಜಾಗವಿರುವುದಿಲ್ಲ. ಇವತ್ತು ಶನಿವಾರ, ಪರವಾಗಿಲ್ಲ. ಹೂ ಕಟ್ಟುವವರು, ನಿಂಬೆಹಣ್ಣು ಹೆಚ್ಚಿ ರಸ ಹಿಂಡಿ ಸಿಪ್ಪೆ ಮಗುಚಿ ಬಟ್ಟಲು ಮಾಡಿಡುವವರು, ಬತ್ತಿ ಎಣ್ಣೆ ಮಾರುವವರು. ಒಂದು ನಂಬಿಕೆಯ ಸುತ್ತ ಎಷ್ಟು ಸಂಸಾರಗಳ ಊಟ ನಡೆಯುತ್ತದೆ ನೋಡಿ.

ಕಲೆಗೂ ಒಂದು ಕಾಲದಲ್ಲಿ ಇಂಥದೇ ನೆರಳಿತ್ತು. ನಾದಸ್ವರ, ಡೋಲಿನವರಿಗೆ ದೇವಸ್ಥಾನವೇ ಸಂಬಳ ಕೊಡುವ ಯಜಮಾನ. ದಿನಕ್ಕಿಷ್ಟು ಹೊತ್ತು ನುಡಿಸಬೇಕು, ಕೇಳುವವರಿರಲಿ ಬಿಡಲಿ. ಆ ದಿನಚರಿಯಲ್ಲೇ ಕಲೆ ಹದಗೊಳ್ಳುತ್ತಿತ್ತು. ಈಗ ಬೇಕಾದಷ್ಟು ಗುಡಿಗಳಲ್ಲಿ ಮಂಗಳಾರತಿಯ ಹೊತ್ತಿಗೆ ಗುಂಡಿ ಒತ್ತಿದರೆ ಸಾಕು, ಕರೆಂಟಿನ ನಗಾರಿ ಜಾಗಟೆ ತಾನೇ ಬಾರಿಸಿಕೊಳ್ಳುತ್ತದೆ. ಅದಕ್ಕೆ ಸಂಬಳ ಬೇಡ, ರಜೆ ಬೇಡ. ಹಿಂದೆಂದೂ ಹೊಸಬರಿಗೆ ಸುಖವಿತ್ತು ಎಂದಲ್ಲ. ದಿನಾ ನುಡಿಸುವ ಒಂದು ಜಾಗವಾದರೂ ಇತ್ತು.

ಮೊದಲ ಮೆಟ್ಟಿಲು, ಕೊನೆಯ ಮೆಟ್ಟಿಲು

ದೇವಸ್ಥಾನದಿಂದ ಎರಡನೇ ಹಂತದ ಕಡೆ ಹೊರಳಿದೆ. ಮೋನೋಟೈಪ್, ಬಿಡಿಎ ಕಾಂಪ್ಲೆಕ್ಸ್ ಎಂದು ಕಂಡಕ್ಟರು ಕೂಗುವ ನಿಲ್ದಾಣಗಳು. ಅಚ್ಚುಮೊಳೆಯ ಯಂತ್ರದ ಕಾಲ ಹೋಗಿ ಎಷ್ಟೋ ವರ್ಷವಾದರೂ ಅದರ ಹೆಸರು ಮಾತ್ರ ಬಸ್ಸಿನ ಬೋರ್ಡಿನಲ್ಲಿ ಉಳಿದುಕೊಂಡಿದೆ. ಬಿಡಿಎ ಕಾಂಪ್ಲೆಕ್ಸಿನ ಆಸುಪಾಸಿನಲ್ಲಿ ನಿಂತು ಇಡ್ಲಿ ವಡೆ ತಿಂದು ಕಾಫಿ ಕುಡಿಯುತ್ತಿದ್ದಾಗ ಪಕ್ಕದ ಮೇಜಿನಲ್ಲಿ ಒಂದು ಕುಟುಂಬ ರಂಗಪ್ರವೇಶದ ಆಹ್ವಾನ ಪತ್ರಿಕೆ ಹಂಚಲು ಹೊರಟಿತ್ತು. ದಪ್ಪ ಕಾಗದ, ಬಂಗಾರದ ಅಂಚು, ಮದುವೆ ಕರೆಯೋಲೆಯಷ್ಟೇ ತೂಕ.

ರಂಗಪ್ರವೇಶದ ಖರ್ಚೂ ಮದುವೆಯದೇ. ಸಭಾಂಗಣ, ಹಾಡುವವರು, ನಟುವಾಂಗ, ಮೃದಂಗ, ಕೊಳಲು, ಪಿಟೀಲು, ಮೂರು ನಾಲ್ಕು ಜೊತೆ ರೇಷ್ಮೆಯ ಉಡುಪು, ಪ್ರಸಾಧನ, ವಿಡಿಯೊ, ಬಂದವರಿಗೆಲ್ಲ ಊಟ. ತಂದೆ ತಾಯಿ ವರ್ಷಗಟ್ಟಲೆ ಕೂಡಿಟ್ಟ ದುಡ್ಡು ಒಂದು ಸಂಜೆಗೆ. ಸಭಾಂಗಣ ತುಂಬುತ್ತದೆ. ಮದುವೆ ಮನೆಯ ಹಾಗೆಯೇ ಬಂದವರೆಲ್ಲ ಯಾರದೋ ಕಡೆಯವರು: ಅಪ್ಪನ ಆಫೀಸಿನವರು, ಅಮ್ಮನ ತವರಿನವರು, ಗುರುಗಳ ಇತರ ಶಿಷ್ಯರ ಮನೆಯವರು. ಮರುದಿನ? ನೃತ್ಯದವರೇ ನಗುತ್ತ ಹೇಳುವ ಮಾತೊಂದಿದೆ, ಎಷ್ಟೋ ಮಕ್ಕಳಿಗೆ ರಂಗಪ್ರವೇಶವೇ ರಂಗನಿರ್ಗಮನ ಎಂದು.

ಮೊದಲ ಮೆಟ್ಟಿಲು ಹತ್ತಿಸಲು ನಮ್ಮಲ್ಲಿ ಜನರಿದ್ದಾರೆ. ಕೊನೆಯ ಮೆಟ್ಟಿಲಿನಲ್ಲೂ ಒಂದು ಕೈ ಇದೆ: ಕಷ್ಟದಲ್ಲಿರುವ, 58 ದಾಟಿದ ಕಲಾವಿದರಿಗೆ ರಾಜ್ಯ ಸರ್ಕಾರದ ಮಾಸಾಶನ. ನಡುವಿನ ಮೂವತ್ತು ಮೂವತ್ತೈದು ವರ್ಷ ಏಣಿಯ ಮೆಟ್ಟಿಲುಗಳೇ ಬಿಟ್ಟುಹೋಗಿವೆ. ಪೂರ್ತಿ ಇಲ್ಲವೆಂದಲ್ಲ. ಕೇಂದ್ರ ಸಂಸ್ಕೃತಿ ಸಚಿವಾಲಯ 18ರಿಂದ 25 ವರ್ಷದ ಕಲಾವಿದರಿಗೆ ಶಿಷ್ಯವೇತನ ಕೊಡುತ್ತದೆ. ಇಡೀ ದೇಶಕ್ಕೆ ವರ್ಷಕ್ಕೆ 400, ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ಅದೂ ಪ್ರತಿ ತಿಂಗಳು ಕೈಗೆ ಬರುವುದಿಲ್ಲ, ಆರಾರು ತಿಂಗಳಿಗೊಂದು ಕಂತು. ಬನಶಂಕರಿಯ ಪಿಜಿಯಲ್ಲಿ ಒಂದು ಹಾಸಿಗೆ ಹಿಡಿದವರಿಗೆ ಈ ದುಡ್ಡು ಎಲ್ಲಿಯವರೆಗೆ ಸಾಕು ಎಂದು ಬಿಡಿಸಿ ಹೇಳಬೇಕಿಲ್ಲ. ಸಂಗೀತ ನಾಟಕ ಅಕಾಡೆಮಿ 2006ರಿಂದ ಕೊಡುತ್ತಿರುವ ಉಸ್ತಾದ್ ಬಿಸ್ಮಿಲ್ಲಾ ಖಾನ್ ಯುವ ಪುರಸ್ಕಾರವಿದೆ, 25,000 ರೂಪಾಯಿ. ಅದು ದೊಡ್ಡ ಗೌರವ, ಬಯೋಡೇಟಾದ ಮೊದಲ ಸಾಲು. ಆದರೆ ಪುರಸ್ಕಾರ ಬರುವುದು ಒಂದೇ ಸಲ, ಹಸಿವು ದಿನಾ.

ಕಾಫಿ ಲೋಟ ಕೆಳಗಿಡುವ ಹೊತ್ತಿಗೆ ನನ್ನ ಪ್ರಶ್ನೆ ಸ್ವಲ್ಪ ಬದಲಾಗಿತ್ತು. ಮೊದಲ ಪ್ರಯೋಗವನ್ನು ಮನೆಯವರು ಮಾಡಿಸುತ್ತಾರೆ. ಎರಡನೆಯದನ್ನು ಯಾರು ಮಾಡಿಸುತ್ತಾರೆ?

ನಾಲ್ಕೂವರೆಯ ಕಛೇರಿ

ಎರಡನೇ ಹಂತದ ಶ್ರೀರಾಮ ಲಲಿತಕಲಾ ಮಂದಿರ ಈ ಪ್ರಶ್ನೆಗೆ ಒಂದು ಹಳೆಯ ಉತ್ತರ. 1955ರಲ್ಲಿ ಹುಟ್ಟಿದ ಈ ಸಂಸ್ಥೆ ಪಾಠವನ್ನೂ ಕಛೇರಿಯನ್ನೂ ಒಂದೇ ಸೂರಿನಡಿ ನಡೆಸಿಕೊಂಡು ಬಂದಿದೆ. ಬೆಂಗಳೂರಿನ ಸಂಗೀತ ಸಭೆಗಳಲ್ಲಿ ಇಂಥವು ಹಲವು: 1905ರ ಗಾಯನ ಸಮಾಜ ಕೆ.ಆರ್. ರಸ್ತೆಯಲ್ಲಿ ಕೂಗಳತೆಯಲ್ಲಿದೆ, 1939ರಿಂದ ರಾಮನವಮಿ ಸಂಗೀತೋತ್ಸವ ನಡೆಸುತ್ತಿರುವ ರಾಮಸೇವಾ ಮಂಡಳಿ ಚಾಮರಾಜಪೇಟೆಯಲ್ಲಿದೆ.

ಸಭೆಯ ಲೋಕದಲ್ಲಿ ಹೊಸಬರ ಸ್ಥಾನ ಗಡಿಯಾರದ ಮೇಲೆ ಕಾಣುತ್ತದೆ. ಆರೂವರೆಯ ಕಛೇರಿ ಹೆಸರಾದವರದು. ನಾಲ್ಕೂವರೆಯದು ಕಿರಿಯರದು, ಒಂದೂಕಾಲು ಗಂಟೆ. ಆ ಹೊತ್ತಿಗೆ ಕೂತಿರುವವರು ನಿವೃತ್ತರು, ಗುರುಗಳು, ಹಾಡುವವರ ಅಮ್ಮ. ಒಂದು ವರ್ಣ, ಎರಡು ಮೂರು ಕೃತಿ, ಒಂದು ಸಣ್ಣ ರಾಗಾಲಾಪನೆ, ತನಿ, ಮಂಗಳ. ಗಡಿಯಾರ ನೋಡಿಕೊಂಡೇ ಹಾಡಬೇಕು. ಹಾಗಿದ್ದರೂ ಆ ನಾಲ್ಕೂವರೆ ಅಮೂಲ್ಯ. ಮನೆಯ ಗೋಡೆಗೆ ಹಾಡುವುದಕ್ಕೂ, ಮೈಕು ಹಿಡಿದ ಸಭೆಗೆ ಹಾಡುವುದಕ್ಕೂ ವ್ಯತ್ಯಾಸವಿದೆ. ಎದುರು ಸಾಲಿನ ಹಿರಿಯರೊಬ್ಬರು ತಾಳ ಬಿಟ್ಟು ಕೈ ಕಟ್ಟಿದರೆ ಅದೇ ವಿಮರ್ಶೆ.

ದುಡ್ಡಿನ ಮಾತಿಗೆ ಬನ್ನಿ. ಸಭೆ ಕೊಡುವ ಕವರು ತಂಡಕ್ಕೆಲ್ಲ ಸೇರಿ. ಪಿಟೀಲು, ಮೃದಂಗದವರಿಗೆ ಕೊಟ್ಟು, ಆಟೋಕ್ಕೆ ಕೊಟ್ಟು ನೋಡಿದರೆ ಹಾಡಿದವರ ಪಾಲಿಗೆ ಎಷ್ಟೋ ಸಲ ಉಳಿಯುವುದು ಶಾಲು ಮತ್ತು ಹಣ್ಣಿನ ಬುಟ್ಟಿ. ಅದಕ್ಕಿಂತ ಕೆಟ್ಟದ್ದೂ ಉಂಟು. "ಸ್ಲಾಟ್ ಕೊಡೋಣ, ನೀವೇ ಒಬ್ಬರು ಪ್ರಾಯೋಜಕರನ್ನ ಹಿಡ್ಕೊಂಡು ಬನ್ನಿ" ಎಂದು ಕೇಳುವವರ ಕಥೆಗಳನ್ನು ಪ್ರತಿಯೊಬ್ಬ ಕಿರಿಯ ಗಾಯಕರೂ ಮೆಲುದನಿಯಲ್ಲಿ ಹೇಳಬಲ್ಲರು. ಪ್ರಾಯೋಜಕರು ಅಂದರೆ ಅಪ್ಪ. ಅಲ್ಲಿಗೆ ಅದು ಮತ್ತೊಂದು ರಂಗಪ್ರವೇಶವಷ್ಟೇ. ದುಡ್ಡು ಕೇಳದೆ, ಕಡಿಮೆಯಾದರೂ ಮರ್ಯಾದೆಯ ಸಂಭಾವನೆ ಕೊಟ್ಟು, ಮುಂದಿನ ವರ್ಷವೂ ನೆನಪಿಟ್ಟು ಕರೆಯುವ ಸಭೆಯ ಬೆಲೆ ಆಗ ಗೊತ್ತಾಗುತ್ತದೆ.

ಕಾರಂತರ ರಸ್ತೆ

ಒಂಬತ್ತನೇ ಮುಖ್ಯರಸ್ತೆಗೆ ಬಂದರೆ ಬೋರ್ಡಿನಲ್ಲಿ ಇನ್ನೊಂದು ಹೆಸರು: ಬಿ.ವಿ. ಕಾರಂತ ರಸ್ತೆ. ತಳ್ಳುಗಾಡಿಯ ತರಕಾರಿ, ಇಸ್ತ್ರಿ ಪೆಟ್ಟಿಗೆಯಿಂದ ಏಳುವ ಇದ್ದಿಲ ಹೊಗೆ, ಸ್ಕೂಟರಿನ ಮೇಲೆ ಟ್ಯೂಷನ್ನಿಗೆ ಹೋಗುವ ಮಕ್ಕಳು. ದಿನಾ ಓಡಾಡುವವರಿಗೆ ಅದೊಂದು ವಿಳಾಸ, ಅಷ್ಟೇ. ಆದರೆ ಇವತ್ತಿನ ನನ್ನ ಪ್ರಶ್ನೆಗೆ ಇಡೀ ಬಡಾವಣೆಯಲ್ಲಿ ಇದಕ್ಕಿಂತ ದೊಡ್ಡ ಉತ್ತರವಿಲ್ಲ.

ಬಾಬುಕೋಡಿ ವೆಂಕಟರಮಣ ಕಾರಂತ ಹುಟ್ಟಿದ್ದು 1929ರಲ್ಲಿ, ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ. ಹುಡುಗ ಮನೆ ಬಿಟ್ಟು ಸೇರಿಕೊಂಡದ್ದು ಗುಬ್ಬಿ ವೀರಣ್ಣನವರ ಕಂಪನಿಯನ್ನು. ಕಂಪನಿ ನಾಟಕವೆಂದರೆ ಬರೀ ರಂಗಸಜ್ಜಿಕೆಯಲ್ಲ, ಊಟ, ವಸತಿ, ಸಂಬಳ ಇರುವ ಒಂದು ಊರು. ಸಣ್ಣ ಪಾತ್ರದವನು ದೊಡ್ಡ ಪಾತ್ರದವರ ಪಕ್ಕದಲ್ಲೇ ಮಲಗಿ, ಅವರ ಹಾಡು ಕೇಳಿಸಿಕೊಂಡು, ಅವರು ಬಾರದ ದಿನ ಅವರ ಪಾತ್ರ ಹಾಕಿ ಬೆಳೆಯುತ್ತಿದ್ದ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ, ಮುಂದೆ ನಮ್ಮ ರಾಜ್‌ಕುಮಾರ್, ಪಳಗಿದ್ದೂ ಇದೇ ಕಂಪನಿಯ ಗರಡಿಯಲ್ಲಿ.

ವೀರಣ್ಣನವರು ಕಾರಂತರನ್ನು ಇಟ್ಟುಕೊಳ್ಳಲಿಲ್ಲ, ಓದಲು ಕಾಶಿಗೆ ಕಳಿಸಿದರು. ಅಲ್ಲಿ ಹಿಂದಿ ಎಂ.ಎ., ಜೊತೆಗೆ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಸಂಗೀತ. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ, 1962ರಲ್ಲಿ ಪದವಿ. ಹದಿನೈದು ವರ್ಷದ ನಂತರ, 1977ರಲ್ಲಿ, ಅದೇ ಶಾಲೆಗೆ ನಿರ್ದೇಶಕರಾಗಿ ಹೋದರು. ಒಬ್ಬ ಕಂಪನಿ ಮಾಲೀಕರು ಒಬ್ಬ ಹುಡುಗನಿಗೆ ಕೊಟ್ಟದ್ದು ಬಹುಮಾನವಲ್ಲ, ಸಮಯ. ಕಲಿಯುವಷ್ಟು ಕಾಲ ಊಟದ ಚಿಂತೆ ಇಲ್ಲದ ಸಮಯ.

ತಮಗೆ ಸಿಕ್ಕಿದ್ದನ್ನು ಕಾರಂತರು ಮರೆಯಲಿಲ್ಲ. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದಾಗ ನಟನಟಿಯರಿಗೆ ತಿಂಗಳ ಸಂಬಳದ ವ್ಯವಸ್ಥೆ ಇಟ್ಟೇ ಆರಂಭಿಸಿದರು. ಬೆಂಗಳೂರಿನಲ್ಲಿ ಅವರ 'ಬೆನಕ' ತಂಡ ಇನ್ನೊಂದು ದಾರಿ ತೋರಿಸಿತು. 'ಸತ್ತವರ ನೆರಳು' ಒಂದೆರಡು ಸಲ ಆಡಿ ಮುಚ್ಚಿದ ನಾಟಕವಲ್ಲ, ನೂರಾರು ಪ್ರಯೋಗ ಕಂಡದ್ದು. 1980ರಲ್ಲಿ ಕಲಾಗಂಗೋತ್ರಿ ಎತ್ತಿಕೊಂಡ 'ಮುಖ್ಯಮಂತ್ರಿ'ಯೂ ಹಾಗೆಯೇ. ಎಷ್ಟು ಸಲ ಆಡಿದರೆಂದರೆ ಪಾತ್ರದ ಹೆಸರು ನಟನ ಹೆಸರಿಗೆ ಅಂಟಿ, ಚಂದ್ರು ಎಂದರೆ ಈಗ ಯಾರಿಗೂ ಗುರುತು ಸಿಗುವುದಿಲ್ಲ, ಮುಖ್ಯಮಂತ್ರಿ ಚಂದ್ರು ಎನ್ನಬೇಕು. ಹೆಗ್ಗೋಡಿನ ನೀನಾಸಮ್ 1985ರಲ್ಲಿ 'ತಿರುಗಾಟ' ಶುರುಮಾಡಿದ್ದರ ಹಿಂದೆಯೂ ಇದೇ ತಿಳಿವಳಿಕೆ: ನಾಟಕಶಾಲೆಯಿಂದ ಹೊರಬಿದ್ದ ಹುಡುಗರಿಗೆ ಸರ್ಟಿಫಿಕೇಟಿಗಿಂತ ಒಂದು ಹಂಗಾಮಿನ ಕೆಲಸ ಬೇಕು, ಊರಿಂದೂರಿಗೆ ಆಡುತ್ತ ಹೋಗುವ ಪ್ರಯೋಗಗಳ ಸಾಲು ಬೇಕು.

ನಾಣಿ ಅಂಗಳದ ಲೆಕ್ಕ

ಇದೇ ರಸ್ತೆಯಲ್ಲಿ ಸುಚಿತ್ರ. 1971ರಲ್ಲಿ ಸಿನಿಮಾ ಹುಚ್ಚಿನ ಗೆಳೆಯರು ಕಟ್ಟಿದ ಚಿತ್ರಸಮಾಜ. ಆಗ ಕುರೊಸಾವ, ಬರ್ಗ್‌ಮನ್ನರ ಚಿತ್ರ ನೋಡಬೇಕೆಂದರೆ ರಾಯಭಾರ ಕಚೇರಿಯಿಂದಲೋ ಪುಣೆಯ ಚಿತ್ರಭಂಡಾರದಿಂದಲೋ ರೀಲಿನ ಡಬ್ಬಿ ತರಿಸಬೇಕು. ಅದಕ್ಕೆ ದುಡ್ಡು ಸದಸ್ಯರ ಚಂದಾ. ಈ ಚಂದಾ ಬರೀ ಸಿನಿಮಾ ತೋರಿಸಲಿಲ್ಲ, ಸಿನಿಮಾ ನೋಡಬಲ್ಲವರನ್ನು ತಯಾರು ಮಾಡಿತು. 1977ರಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ ಬಂದು ಇನ್ನೂ ಮೂವತ್ತು ತುಂಬದ ಗಿರೀಶ ಕಾಸರವಳ್ಳಿ ತಮ್ಮ ಮೊದಲ ಕಥಾಚಿತ್ರ 'ಘಟಶ್ರಾದ್ಧ' ಮಾಡಿ ಸ್ವರ್ಣಕಮಲ ತಂದರು. ಸಂಗೀತ ನಮ್ಮ ಕಾರಂತರದೇ. ಅಂಥ ಚಿತ್ರಕ್ಕೆ ಊರಲ್ಲಿ ಕಣ್ಣುಗಳು ಸಿದ್ಧವಾಗಿದ್ದವು ಎಂಬುದು ಸಣ್ಣ ಸಂಗತಿಯಲ್ಲ. 2013ರಲ್ಲಿ ಪವನ್ ಕುಮಾರ್ ನೂರಕ್ಕೂ ಹೆಚ್ಚು ಜನರಿಂದ ಹಣ ಸೇರಿಸಿ 'ಲೂಸಿಯಾ' ಮಾಡಿದಾಗ ಅದು ಹೊಸ ಸಾಹಸವೆಂದು ಸುದ್ದಿಯಾಯಿತು. ಚಂದಾ ಎತ್ತುವುದು ನಮ್ಮ ಗಣೇಶನ ಹಬ್ಬದಷ್ಟೇ ಹಳೆಯದು, ಬದಲಾದದ್ದು ಡಬ್ಬಿ ಅಷ್ಟೆ.

ಸುಚಿತ್ರದಲ್ಲಿ ಒಳಗೆ ಪುರವಂಕರ ಸಭಾಂಗಣ, ಹೊರಗೆ ನಾಣಿ ಅಂಗಳ. ಮಧ್ಯಾಹ್ನ ನಾನು ಹೋದಾಗ ಸಂಜೆಯ ನಾಟಕದ ಹುಡುಗರು ಸಾಮಾನು ಇಳಿಸುತ್ತಿದ್ದರು. ಒಂದು ಹಳೆಯ ಟ್ರಂಕು, ಎರಡು ಬೆಂಚು, ಬಿದಿರಿನ ಚೌಕಟ್ಟು, ಕಪ್ಪು ಬಟ್ಟೆಯ ಸುರುಳಿ. ಏಣಿಯ ಮೇಲೆ ನಿಂತವನು ಲೈಟು ತಿರುಗಿಸುತ್ತಿದ್ದರೆ ಕೆಳಗೆ ಒಬ್ಬಳು ನಿಂತು, "ಇನ್ನೂ ಸ್ವಲ್ಪ ಎಡಕ್ಕೆ... ಸಾಕು ಸಾಕು, ಮೂಗಿನ ನೆರಳು ಬಾಯ್ ಮೇಲೆ ಬೀಳ್ತಿದೆ" ಎನ್ನುತ್ತಿದ್ದಳು. ಹಗಲು ಇವರಲ್ಲಿ ಒಬ್ಬ ಸಾಫ್ಟ್‌ವೇರ್ ಟೆಸ್ಟರ್, ಒಬ್ಬಳು ಶಾಲೆಯಲ್ಲಿ ರಂಗಪಾಠ ಹೇಳುವವಳು, ಒಬ್ಬ ಧಾರಾವಾಹಿಯಲ್ಲಿ ಕಾಲ್‌ಶೀಟ್ ಸಿಕ್ಕ ದಿನ ನಟ, ಸಿಗದ ದಿನ ಮದುವೆ ವಿಡಿಯೊ ಎಡಿಟರ್.

ಅಲ್ಲೇ ಕಟ್ಟೆಯ ಮೇಲೆ ಕೂತು ಚೀಟಿಯಲ್ಲಿ ಒಂದು ಲೆಕ್ಕ ಬರೆದುಕೊಂಡೆ. ಅಂಕಿ ನನ್ನ ಅಂದಾಜಿನದು, ಲೆಕ್ಕದ ದಾರಿ ಮಾತ್ರ ಎಲ್ಲ ತಂಡಗಳದೂ. 80 ಟಿಕೆಟ್, ತಲಾ 200 ರೂಪಾಯಿ. 16,000 ಬಂತು ಎನ್ನಿ. ಜಾಗದ ಬಾಡಿಗೆ, ಲೈಟು ಸೌಂಡು, ಸಾಮಾನಿನ ಟೆಂಪೊ, ಮೇಕಪ್ಪು, ಪೋಸ್ಟರು, ಇಪ್ಪತ್ತು ಜನರ ಟೀ ಟಿಫನ್ನು ಸೇರಿ 13,000. ಉಳಿದ 3,000ವನ್ನು ಹನ್ನೆರಡು ನಟರಿಗೆ ಹಂಚಿದರೆ ತಲೆಗೆ 250. ಎರಡು ತಿಂಗಳ ತಾಲೀಮಿಗೆ ಓಡಾಡಿದ ಪೆಟ್ರೋಲಿಗೂ ಆಗದು. ಇಷ್ಟು ಬರೆದು ಮಡಚಿಟ್ಟರೆ ಕಥೆ ಮುಗಿಯಿತು, ಎಲ್ಲರೂ ಮನೆಗೆ ಹೋಗಬಹುದು.

ಆದರೆ ಚೀಟಿಯ ಹಿಂಬದಿಯಲ್ಲಿ ಎರಡನೇ ಪ್ರಯೋಗದ ಲೆಕ್ಕ ಹಾಕಿ ನೋಡಿ. ಸೆಟ್ಟು ಆಗಲೇ ಇದೆ. ಉಡುಪು ಇದೆ. ಮಾತು ಬಾಯಿಗೆ ಬಂದಿದೆ, ಮೂರು ದಿನದ ತಾಲೀಮು ಸಾಕು. ಹತ್ತನೇ ಪ್ರಯೋಗದ ಹೊತ್ತಿಗೆ ಖರ್ಚು ಇಳಿದಿರುತ್ತದೆ, ನಾಟಕ ಏರಿರುತ್ತದೆ, ಬೇರೆ ಊರಿನ ಕಾಲೇಜೋ ಸಂಘವೋ ಕರೆದಿರುತ್ತದೆ. ಕಲಾವಿದರ ಗಳಿಕೆ ಇರುವುದು ಅಲ್ಲಿ. ತೊಡಕು ಒಂದೇ: ಎರಡನೇ ಪ್ರಯೋಗಕ್ಕೆ ಖರ್ಚಿನ ಜೊತೆ ಪ್ರೇಕ್ಷಕರೂ ಇಳಿಯುತ್ತಾರೆ. ನೆಂಟರೆಲ್ಲ ಮೊದಲ ದಿನವೇ ಬಂದು ಹೋಗಿರುತ್ತಾರಲ್ಲ.

ಹೊಸ ತಂಡಕ್ಕೆ ಅದಕ್ಕೇ ಮೊದಲು ಬೇಕಾದದ್ದು ನೂರು ಚಿಲ್ಲರೆ ಕುರ್ಚಿಯ, ಬಾಡಿಗೆ ಕೈಗೆಟುಕುವ, ಬಿದ್ದರೂ ಮೂಳೆ ಮುರಿಯದ ಜಾಗ. ಅಲ್ಲಿ ಪಳಗಿ ಹನುಮಂತನಗರದ ರಾಮಾಂಜನೇಯ ಗುಡ್ಡದ ಮೇಲಿನ ಕೆಂಗಲ್ ಹನುಮಂತಯ್ಯ ಕಲಾಸೌಧಕ್ಕೆ ಹೋಗಬಹುದು. ಅಲ್ಲಿಂದ ಜೆ.ಪಿ. ನಗರದ ರಂಗಶಂಕರಕ್ಕೆ. ಶಂಕರ್ ನಾಗ್ ನೆನಪಿನಲ್ಲಿ ಅರುಂಧತಿ ನಾಗ್ ಕಟ್ಟಿ 2004ರಲ್ಲಿ ತೆರೆದ ಆ ರಂಗಮಂದಿರ ಬಾಡಿಗೆಯನ್ನು ತಂಡಗಳ ಕೈಗೆಟುಕುವಂತೆ ಇಟ್ಟಿತು, ಸೋಮವಾರ ಬಿಟ್ಟು ದಿನಕ್ಕೊಂದು ನಾಟಕ ಎಂಬ ನೇಮ ಹಿಡಿಯಿತು, ತಡವಾಗಿ ಬಂದವರಿಗೆ ಬಾಗಿಲು ತೆರೆಯಲಿಲ್ಲ. ನಾಟಕ ನೋಡಲು ಟಿಕೆಟ್ ಕೊಂಡು, ಹೊತ್ತಿಗೆ ಸರಿಯಾಗಿ ಹೋಗಬೇಕು ಎಂಬುದನ್ನು ದಕ್ಷಿಣ ಬೆಂಗಳೂರಿಗೆ ಹೀಗೆ ಅಭ್ಯಾಸ ಮಾಡಿಸಿತು. ಅಂಗಳ, ಗುಡ್ಡ, ದೊಡ್ಡ ರಂಗ: ಮೂರೂ ಒಂದು ಆಟೋ ದೂರದಲ್ಲಿವೆ. ಏಣಿಯ ನಡುವಿನ ಮೆಟ್ಟಿಲುಗಳು ಎಲ್ಲಾದರೂ ಇದ್ದರೆ ಅವು ಇವೇ.

ಮೆಟ್ಟಿಲಿದ್ದ ಮಾತ್ರಕ್ಕೆ ಹತ್ತಲಾದೀತೇ? ಹಾಡು ಬರೆಯುವ, ರಾಗ ಹಾಕುವ ಹುಡುಗರನ್ನು ಕೇಳಿ ನೋಡಿ, ಬಾಯಿಮಾತಿನಲ್ಲೇ ಎಲ್ಲ ಒಪ್ಪಿ ಕೊಟ್ಟಿರುತ್ತಾರೆ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆ ತಿದ್ದುಪಡಿಯಾದ ಮೇಲೆ ಸಿನಿಮಾದಲ್ಲಿ ಬಳಸಿದ ಹಾಡಿನ ರಾಯಧನದಲ್ಲಿ ಸಾಹಿತಿಗೂ ಸಂಗೀತ ನಿರ್ದೇಶಕರಿಗೂ ಪಾಲು ಇದ್ದೇ ಇದೆ, ಅದನ್ನು ಬಿಟ್ಟುಕೊಡಲು ಬರುವುದಿಲ್ಲ. ಇದು ಗೊತ್ತಿರುವ ಹೊಸಬರು ಕಡಿಮೆ. ರಾಗ ತಾಳದ ಜೊತೆ ಒಂದು ಪುಟದ ಒಪ್ಪಂದ ಬರೆದುಕೊಳ್ಳುವುದನ್ನೂ ಗುರುಗಳು ಹೇಳಿಕೊಟ್ಟರೆ ಪಾಠ ಪೂರ್ತಿಯಾದೀತು.

ಏಳು ಗಂಟೆಯ ಬೆಲ್ಲು

ಸಂಜೆ ಮತ್ತೆ ಅದೇ ಅಂಗಳಕ್ಕೆ ಬಂದೆ. ಮಧ್ಯಾಹ್ನ ಲೈಟು ನೋಡುತ್ತಿದ್ದ ಹುಡುಗಿ ಈಗ ಬಾಗಿಲ ಬಳಿ ಮೇಜು ಹಾಕಿಕೊಂಡು ಟಿಕೆಟಿಗೆ ಕೂತಿದ್ದಳು. ಕೆನ್ನೆಗೆ ಪ್ರಸಾಧನವಾಗಿತ್ತು, ಕಣ್ಣಿಗೆ ಇನ್ನೂ ಆಗಿರಲಿಲ್ಲ. ಅವತ್ತಿನದು ಆ ನಾಟಕದ ಎರಡನೇ ಪ್ರಯೋಗ. ಮೇಜಿನ ಮೇಲೆ ಒಂದು ನೋಟ್‌ಬುಕ್ಕು, ಪುಟದ ತುಂಬ ಸ್ಕೇಲು ಹಿಡಿದು ಗೆರೆ ಎಳೆದ ಮನೆಗಳು. ಒಂದೊಂದು ಮನೆಯ ಮೇಲೆ ತಂಡದ ಒಬ್ಬೊಬ್ಬರ ಹೆಸರು. ಯಾರ ಕಡೆಯಿಂದ ಎಷ್ಟು ಜನ ಬಂದರೆಂದು ಗೀಟು ಹಾಕುವ ಲೆಕ್ಕ. ಕೆಲವು ಮನೆ ಖಾಲಿ. ಕೊನೆಯ ಮನೆಯ ಮೇಲೆ 'ಇತರೆ' ಎಂದಿತ್ತು.

ಇನ್ನೂರು ರೂಪಾಯಿ ಕೊಟ್ಟೆ. ಅವಳು ಪೆನ್ನು ಹಿಡಿದು ಕೇಳಿದಳು.

"ಅಂಕಲ್, ನೀವು ಯಾರ ಕಡೆಯವರು?"

"ಯಾರ ಕಡೆಯವನೂ ಅಲ್ಲಮ್ಮ. ನಾಟಕ ನೋಡೋಣ ಅಂತ ಬಂದೆ."

ತಲೆ ಎತ್ತಿ ಒಮ್ಮೆ ನೋಡಿದಳು. ಆಮೇಲೆ ಪೆನ್ನು ಪುಟದ ಕೊನೆಗೆ ಸರಿಯಿತು. ಅಲ್ಲಿ ಆಗಲೇ ನಾಲ್ಕು ಗೀಟುಗಳಿದ್ದವು. ಐದನೆಯದನ್ನು ನಾಲ್ಕರ ಮೇಲೂ ಹಾಯುವಂತೆ ಅಡ್ಡಲಾಗಿ ಎಳೆದು, ಟಿಕೆಟ್ ಹರಿದು ಕೊಟ್ಟಳು. ಒಳಗೆ ಮೊದಲ ಬೆಲ್ಲು ಬಾರಿಸಿತು.